ಡ್ವಾರ್ಫ್ ಫೋರ್ಟ್ರೆಸ್: ಇಷ್ಟು ಕಷ್ಟದ ಗೇಮ್ ಯಾರಿಗೆ ಬೇಕು?

ಡ್ವಾರ್ಫ್ ಫೋರ್ಟ್ರೆಸ್ ಕಲಿಯುವುದು ಕಷ್ಟ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೈಯಬೇಡಿ. ನಾನು ಹೇಳುತ್ತಿರುವುದು ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ದುಡ್ಡು ಕೊಟ್ಟು ತಗೊಳ್ಳುವ, ಚಿತ್ರ ಇರುವ, ಮೌಸ್ ಹಿಡಿದು ಆಡಬಹುದಾದ ಆವೃತ್ತಿಯ ಬಗ್ಗೆ. ಅದಕ್ಕೂ ಮುಂಚೆ ಇದ್ದದ್ದನ್ನು ಬರೀ ಕಷ್ಟ ಅಂದರೆ ಕಷ್ಟಕ್ಕೇ ಅವಮಾನ.

ಆದರೂ ಈ ಗೇಮ್ ಲಕ್ಷಗಟ್ಟಲೆ ಮಾರಾಟವಾಗಿದೆ. ಜನಕ್ಕೆ ಸುಲಭದ್ದೇ ಬೇಕು, ಐದು ನಿಮಿಷದಲ್ಲಿ ತಲೆಗೆ ಹೋಗದಿದ್ದರೆ ಅನ್‌ಇನ್‌ಸ್ಟಾಲ್ ಮಾಡುತ್ತಾರೆ ಅನ್ನುವ ಮಾತು ಎಲ್ಲ ಕಡೆ ಕೇಳುತ್ತಲೇ ಇರುತ್ತೇವೆ. ಅರ್ಧ ಸರಿ. ಇನ್ನರ್ಧ ಯಾಕೆ ತಪ್ಪು ಅಂತ ನೋಡುವುದಕ್ಕೆ ಇದಕ್ಕಿಂತ ಒಳ್ಳೆ ಗೇಮ್ ನನಗೆ ಗೊತ್ತಿಲ್ಲ. ಹಾಗಾಗಿ ಇದು ರಿವ್ಯೂನೂ ಹೌದು, ಸ್ವಲ್ಪ ವಾದವೂ ಹೌದು.

ಗೊತ್ತಿಲ್ಲದವರಿಗೆ: ಮೊದಲು ಕಂಪ್ಯೂಟರ್ ಒಂದು ಇಡೀ ಲೋಕ ಹುಟ್ಟಿಸುತ್ತದೆ. ಬೆಟ್ಟ, ನದಿ, ಕಾಡು, ಮಳೆ ಎಲ್ಲಿ ಬೀಳಬೇಕು ಎಲ್ಲಿ ಬೀಳಬಾರದು, ಅಷ್ಟೇ ಅಲ್ಲ, ಆ ಲೋಕದ ಹಳೇ ಚರಿತ್ರೆ ಕೂಡ. ಯಾವ ರಾಜ ಯಾರ ಮೇಲೆ ದಂಡೆತ್ತಿ ಹೋದ, ಯಾವ ಡ್ರ್ಯಾಗನ್ ಯಾವ ಊರಿಗೆ ನುಗ್ಗಿತು, ಎಲ್ಲ ಲೆಕ್ಕ ಹಾಕಿ ಬರೆದಿಡುತ್ತದೆ. ಪರದೆ ಮೇಲೆ ವರ್ಷಗಳು ಓಡುತ್ತಿರುತ್ತವೆ, ನೀವು ಸುಮ್ನೆ ನೋಡುತ್ತಾ ಕೂರಬೇಕು. ಆಮೇಲೆ ನೀವೊಂದು ಜಾಗ ಆರಿಸಿದರೆ ಏಳು ಜನ ಕುಳ್ಳರು ಒಂದು ಬಂಡಿ ಸಮೇತ ಅಲ್ಲಿ ಬಂದಿಳಿಯುತ್ತಾರೆ. ಬೆಟ್ಟ ಕೊರೆದು ಅವರಿಗೊಂದು ಕೋಟೆ ಮಾಡಿಕೊಡಬೇಕು. ಆದರೆ ಯಾರನ್ನೂ ನೀವು ಕೈ ಹಿಡಿದು ನಡೆಸುವಂತಿಲ್ಲ. 'ಇಲ್ಲಿ ಅಗೀರಿ, ಅಲ್ಲಿ ಮಂಚ ಹಾಕಿ' ಅಂತ ಗುರುತು ಮಾಡಬಹುದು, ಯಾರಿಗೆ ಪುರುಸೊತ್ತಿದೆಯೋ ಅವರು ಬಂದು ಮಾಡುತ್ತಾರೆ. ಅವರಿಗೆ ಊಟ ಬೇಕು, ಮಲಗೋಕೆ ಜಾಗ ಬೇಕು, ಎಲ್ಲಕ್ಕಿಂತ ಜಾಸ್ತಿ ಹೆಂಡ ಬೇಕು. ಹೆಂಡ ಸಿಗದಿದ್ದರೆ ಕೆಲಸ ನಿಧಾನ ಆಗುತ್ತದೆ, ಮೂಡೂ ಕೆಡುತ್ತದೆ. ಹಾಗಾಗಿ ನೆಲದೊಳಗೆ ಅಣಬೆ ಬೆಳೆದು, ಅದರಿಂದ ಹೆಂಡ ಮಾಡಿ, ಪೀಪಾಯಿ ತುಂಬಿಸಿಡುವುದೇ ಮೊದಲ ದೊಡ್ಡ ಕೆಲಸ. ಗೆಲ್ಲೋದು ಅಂತ ಒಂದಿಲ್ಲ. ಕೋಟೆ ಇವತ್ತಲ್ಲ ನಾಳೆ ಬೀಳುತ್ತದೆ, ಇಲ್ಲ ನಿಮಗೆ ಬೇಜಾರಾಗಿ ಬಿಡುತ್ತೀರಿ. ಸೋಲೋದೇ ಮಜಾ ಅನ್ನುವುದು ಇದನ್ನು ಆಡುವವರ ಹಳೇ ಘೋಷಣೆ.

ಮಾಡಿದವರು ಅಮೆರಿಕದ ಅಣ್ಣತಮ್ಮ, ಜ್ಯಾಕ್ ಆಡಮ್ಸ್ ಮತ್ತು ಟಾರ್ನ್ ಆಡಮ್ಸ್. ಕೋಡ್ ಬರೆಯುವುದು ತಮ್ಮ ಟಾರ್ನ್. ಸ್ಟ್ಯಾನ್‌ಫರ್ಡ್‌ನಲ್ಲಿ ಗಣಿತದ ಪಿಎಚ್‌ಡಿ ಮುಗಿಸಿದವರು, ಆಮೇಲೆ ಯೂನಿವರ್ಸಿಟಿ ಕೆಲಸ ಬಿಟ್ಟು ಇದಕ್ಕೇ ಕೂತರು. 2006ರ ಆಗಸ್ಟ್‌ನಲ್ಲಿ ಗೇಮ್ ಹೊರಗೆ ಬಂತು, ಫ್ರೀಯಾಗಿ. ಇಬ್ಬರ ಸಂಸಾರ ನಡೆದದ್ದು ಆಡುವವರು ಕಳಿಸುವ ದೇಣಿಗೆಯಲ್ಲಿ. ಪರದೆ ತುಂಬ ಬರೀ ಅಕ್ಷರ ಮತ್ತು ಚಿಹ್ನೆ. ಕುಳ್ಳ ಅಂದರೆ ಒಂದು ಸಣ್ಣ ನಗುಮುಖ, ನಾಯಿ ಅಂದರೆ ಇಂಗ್ಲಿಷಿನ ಡಿ, ಬೆಕ್ಕು ಅಂದರೆ ಸಿ. ಒಂದು ಕೀ ಒತ್ತಿದರೆ ಒಂದು ಮೆನು, ಅದರೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು. ಒಂದು ಮೆನುವಿನಲ್ಲಿ ಕೆಳಗಿಳಿಯಲು ಬಾಣದ ಕೀ, ಇನ್ನೊಂದರಲ್ಲಿ ಪ್ಲಸ್ ಮೈನಸ್. ಯಾಕೆ ಅಂತ ಕೇಳಬೇಡಿ. 2012ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಮೊದಲ ಸಲ 14 ವಿಡಿಯೋ ಗೇಮ್‌ಗಳನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಾಗ ಪ್ಯಾಕ್‌ಮ್ಯಾನ್, ಟೆಟ್ರಿಸ್ ಪಕ್ಕ ಇದಕ್ಕೂ ಜಾಗ ಸಿಕ್ಕಿತು. ಮ್ಯೂಸಿಯಂಗೆ ಹೋಗುವಷ್ಟು ಹೆಸರು ಬಂದಿತ್ತು, ಆಡೋಕೆ ಮಾತ್ರ ಯಾರಿಗೂ ಧೈರ್ಯ ಇರಲಿಲ್ಲ.

ಹಾಗಿದ್ದದ್ದು ಸ್ಟೀಮ್‌ಗೆ ಯಾಕೆ ಬಂತು? ಜ್ಯಾಕ್‌ಗೆ ಚರ್ಮದ ಕ್ಯಾನ್ಸರ್ ಆಯಿತು. ಅಮೆರಿಕದಲ್ಲಿ ಆಸ್ಪತ್ರೆ ಖರ್ಚು ಎಷ್ಟು ಅಂತ ಗೊತ್ತಲ್ಲ, ದೇಣಿಗೆ ನಂಬಿಕೊಂಡು ಇನ್ನು ಬದುಕೋಕಾಗಲ್ಲ ಅಂತ ಅಣ್ಣತಮ್ಮ ಇಬ್ಬರಿಗೂ ಅನ್ನಿಸಿತು. 2019ರಲ್ಲಿ ಘೋಷಣೆ ಮಾಡಿದರು, ಮಾಂಟ್ರಿಯಲ್‌ನ ಕಿಟ್‌ಫಾಕ್ಸ್ ಗೇಮ್ಸ್ ಪ್ರಕಾಶಕರಾಗಿ ಜೊತೆ ನಿಂತಿತು, 2022ರ ಡಿಸೆಂಬರ್ 6ಕ್ಕೆ ಬಿಡುಗಡೆ. ಒಂದೇ ದಿನದಲ್ಲಿ ಸುಮಾರು 1,60,000 ಪ್ರತಿ ಹೋಯಿತು. ತಿಂಗಳ ಕೊನೆಗೆ ಹತ್ತಿರ ಹತ್ತಿರ 5 ಲಕ್ಷ. ಅದಕ್ಕಿಂತ ಮುಂಚಿನ ಹದಿನಾರು ವರ್ಷ ಇದೇ ಗೇಮ್ ಫ್ರೀಯಾಗಿ ಸಿಗುತ್ತಿತ್ತು ಅನ್ನುವುದನ್ನು ಮರೀಬೇಡಿ.

ಹಾಗಾದರೆ ಗೇಮ್ ಸುಲಭ ಮಾಡಿದರಾ? ಇಲ್ಲ. ನನಗೆ ಇಷ್ಟವಾದದ್ದೇ ಇದು. ಒಳಗಿನ ಲೆಕ್ಕಾಚಾರ ಯಾವುದನ್ನೂ ತೆಳು ಮಾಡಿಲ್ಲ. ನೀರಿನ ಒತ್ತಡ ಹಾಗೇ ಇದೆ. ಯುದ್ಧದಲ್ಲಿ ಯಾರ ಯಾವ ಬೆರಳಿಗೆ ಏಟು ಬಿತ್ತು ಅಂತ ಈಗಲೂ ಬೇರೆ ಬೇರೆ ಲೆಕ್ಕ ಇಡುತ್ತದೆ. ಗಾಯಕ್ಕೆ ಹೊಲಿಗೆ ಹಾಕಲು ದಾರ, ತೊಳೆಯಲು ಸೋಪು ಎಲ್ಲ ನೀವೇ ಮಾಡಿಸಿಡಬೇಕು. ಬದಲಾದದ್ದು ಇದನ್ನೆಲ್ಲ ತೋರಿಸುವ ರೀತಿ. ಒಂದೇ ಉದಾಹರಣೆ ಕೊಡುತ್ತೇನೆ, ಮೆಟ್ಟಿಲು. ಹಳೇದರಲ್ಲಿ ಕೆಳಗಿನ ಪದರಕ್ಕೆ ಇಳಿಯಬೇಕಾದರೆ ಮೇಲೆ ಒಂದು 'ಕೆಳಗಿಳಿಯುವ ಮೆಟ್ಟಿಲು' ಗುರುತು ಮಾಡಿ, ಒಂದು ಪದರ ಕೆಳಗೆ ಹೋಗಿ, ಸರಿಯಾಗಿ ಅದರ ಅಡಿಗೇ 'ಮೇಲೆಕೆಳಗೆ ಎರಡೂ ಹೋಗುವ ಮೆಟ್ಟಿಲು' ಗುರುತು ಮಾಡಿ, ಹೀಗೇ ಒಂದೊಂದೇ ಪದರ ಇಳಿಯುತ್ತಾ ಕೊನೆಯದಕ್ಕೆ 'ಮೇಲೆ ಹತ್ತುವ ಮೆಟ್ಟಿಲು' ಹಾಕಬೇಕಿತ್ತು, ಮೂರಕ್ಕೂ ಮೂರು ಬೇರೆ ಕೀ. ಈಗ ಮೆಟ್ಟಿಲಿನ ಚಿತ್ರ ಒತ್ತಿ, ಮೇಲೊಂದು ಕಡೆ ಕ್ಲಿಕ್ ಮಾಡಿ, ಎಷ್ಟು ಬೇಕೋ ಅಷ್ಟು ಆಳಕ್ಕೆ ಇಳಿದು ಇನ್ನೊಂದು ಕ್ಲಿಕ್. ಮುಗೀತು. ಯಾವ ಥರದ ಮೆಟ್ಟಿಲು ಎಲ್ಲಿ ಅಂತ ಅದೇ ನೋಡಿಕೊಳ್ಳುತ್ತದೆ.

ಆ ಹಳೇ ಮೆಟ್ಟಿಲಿನ ಕಷ್ಟದಿಂದ ಯಾರಿಗೆ ಏನು ಲಾಭ ಇತ್ತು ಹೇಳಿ? ಯಾರಿಗೂ ಇಲ್ಲ. ಅದು ಸುಮ್ನೆ ಹಿಂಸೆ. ನೀರಿನ ಒತ್ತಡ ಅರ್ಥ ಮಾಡಿಕೊಳ್ಳುವ ಕಷ್ಟ ಹಾಗಲ್ಲ. ಅದು ಅರ್ಥವಾದ ಮೇಲೆ ನದಿಯನ್ನು ಕೋಟೆಯೊಳಗೆ ತಿರುಗಿಸಿ ಬಾವಿ ಮಾಡಬಹುದು, ಒಳಗೆ ನುಗ್ಗುವ ಶತ್ರುಗಳನ್ನು ಮುಳುಗಿಸಬಹುದು. ಎರಡನೇ ಕಷ್ಟ ಪಟ್ಟದ್ದಕ್ಕೆ ಏನಾದರೂ ಸಿಗುತ್ತದೆ. ಕಷ್ಟದ ಗೇಮ್ ಜನಕ್ಕೆ ಹಿಡಿಸಲ್ಲ ಅನ್ನುವವರು ಈ ಎರಡನ್ನೂ ಒಂದೇ ಚೀಲಕ್ಕೆ ಹಾಕಿಬಿಡುತ್ತಾರೆ. ಸ್ಟೀಮ್ ಆವೃತ್ತಿ ಮೊದಲನೆಯದನ್ನು ಬಹುಪಾಲು ತೆಗೆದುಹಾಕಿ ಎರಡನೆಯದನ್ನು ಮುಟ್ಟದೆ ಬಿಟ್ಟಿತು, ಜನ ಬಂದರು.

ನಮ್ಮೂರ ಕಡೆ ಮನೆಮನೆಯಲ್ಲೂ ಅರ್ಥವಾಗುವ ಕ್ರಿಕೆಟ್ ತಗೊಳ್ಳಿ. ಎಲ್‌ಬಿಡಬ್ಲ್ಯು ನಿಯಮ ಹೊಸಬರಿಗೊಮ್ಮೆ ವಿವರಿಸಿ ನೋಡಿ. ಚೆಂಡು ಲೆಗ್ ಸ್ಟಂಪಿನ ಆಚೆ ಪಿಚ್ ಆದರೆ ಔಟಿಲ್ಲ, ಆಫ್ ಸ್ಟಂಪಿನ ಆಚೆ ಪ್ಯಾಡಿಗೆ ತಗುಲಿದರೆ ಶಾಟ್ ಆಡೋಕೆ ನೋಡಿದ್ದರೆ ಔಟಿಲ್ಲ, ಸುಮ್ನೆ ಪ್ಯಾಡ್ ಒಡ್ಡಿದ್ದರೆ ಔಟ್ ಆಗಬಹುದು. ಇದನ್ನು ಯಾರೂ ಪುಸ್ತಕ ಓದಿ ಕಲಿತಿಲ್ಲ. ಟಿವಿ ಮುಂದೆ ಕೂತು, ಅಪ್ಪನೋ ದೊಡ್ಡಪ್ಪನೋ ಅಂಪೈರಿಗೆ ಬೈಯುವುದನ್ನು ಕೇಳಿಸಿಕೊಂಡು ಕಲಿತದ್ದು. ಕಷ್ಟ ಅನ್ನಿಸಲೇ ಇಲ್ಲ, ಯಾಕೆಂದರೆ ಅಷ್ಟರೊಳಗೆ ಮ್ಯಾಚ್ ಯಾರು ಗೆಲ್ಲುತ್ತಾರೆ ಅನ್ನುವ ಚಿಂತೆ ಹತ್ತಿಕೊಂಡಿತ್ತು.

ಡ್ವಾರ್ಫ್ ಫೋರ್ಟ್ರೆಸ್‌ನಲ್ಲಿ ಆ ಚಿಂತೆ ಹತ್ತಿಸುವವರು ಕುಳ್ಳರೇ. ಯಾರ ಮೇಲಾದರೂ ಕ್ಲಿಕ್ ಮಾಡಿ, ಅವರ ಪೂರ್ತಿ ಜಾತಕ ತೆರೆದುಕೊಳ್ಳುತ್ತದೆ. ಇವನು ಮಳೆಯಲ್ಲಿ ನೆನೆದು ಸಿಡಿಮಿಡಿ ಮಾಡಿಕೊಂಡಿದ್ದಾನೆ. ಇವನಿಗೆ ಒಳ್ಳೆ ಮೇಜಿನ ಮೇಲೆ ಊಟ ಮಾಡಿ ಖುಷಿಯಾಗಿದೆ. ಬೆಕ್ಕು ಯಾರಿಗೂ ಸೊಪ್ಪು ಹಾಕಲ್ಲ, ಅದಕ್ಕೇ ಬೆಕ್ಕು ಕಂಡರೆ ಇವಳಿಗೆ ಇಷ್ಟ. (ಬೆಕ್ಕನ್ನು ನೀವು ಯಾರಿಗೂ ಕೊಡುವಂತಿಲ್ಲ. ಯಾರ ಹಿಂದೆ ಹೋಗಬೇಕು ಅಂತ ಅದೇ ತೀರ್ಮಾನ ಮಾಡುತ್ತದೆ. ಇಷ್ಟು ಸರಿಯಾಗಿ ಬೆಕ್ಕು ಮಾಡಿದ ಗೇಮ್ ಇನ್ನೊಂದಿಲ್ಲ.)

ನನ್ನ ಒಂದು ಕೋಟೆಯಲ್ಲಿ ಮೀನು ಹಿಡಿಯುವ ಹೆಂಗಸೊಬ್ಬಳಿದ್ದಳು. ವಿಶೇಷ ಏನಿಲ್ಲ, ಹೊಳೆ ಹತ್ತಿರ ಹೋಗುವುದು ಬರುವುದು. ಒಂದು ದಿನ ಇದ್ದಕ್ಕಿದ್ದಂತೆ ಎದ್ದು ಬಂದು, ಕರಕುಶಲ ಕೆಲಸದ ಕಟ್ಟೆಯಲ್ಲಿ ಕೆಲಸ ಮಾಡುತ್ತಿದ್ದವನನ್ನು ಎಬ್ಬಿಸಿ ತಾನು ಕೂತಳು. ಮೈಮೇಲೆ ಬಂದ ಹಾಗೆ. ಇದು ಗೇಮ್‌ನಲ್ಲಿ ಆಗಾಗ ಆಗುವಂಥದ್ದೇ: ಯಾರಿಗೋ ಒಬ್ಬರಿಗೆ ಒಂದು ಹುಚ್ಚು ಹತ್ತುತ್ತದೆ, ಅವರು ಕೇಳಿದ ಸಾಮಾನು ಸಿಕ್ಕರೆ ಜನ್ಮದಲ್ಲಿ ಒಂದೇ ಸಲ ಮಾಡಬಹುದಾದಂಥ ವಸ್ತುವೊಂದನ್ನು ಮಾಡುತ್ತಾರೆ, ಸಿಗದಿದ್ದರೆ ನಿಜವಾಗಲೂ ಬುದ್ಧಿ ಕೆಟ್ಟು ಸಾಯುತ್ತಾರೆ, ಕೆಲವರು ಸಾಯುವುದಕ್ಕೆ ಮುಂಚೆ ಇನ್ನೊಬ್ಬರನ್ನೂ ಕೊಲ್ಲುತ್ತಾರೆ. ಇವಳು ಮೂಳೆ ಮೂಳೆ ಅಂತ ಕೂತಳು. ಕೋಟೆಯಲ್ಲಿ ಒಂದು ತುಂಡು ಮೂಳೆ ಇಲ್ಲ. ಇದ್ದದ್ದು ಬಂಡಿ ಎಳೆದುಕೊಂಡು ಬಂದಿದ್ದ ಎಮ್ಮೆ ಮಾತ್ರ, ಅದಕ್ಕೂ ಇಲ್ಲಿ ಈಗ ಕೆಲಸ ಇಲ್ಲ. ಕಸಾಯಿಖಾನೆ ಕಟ್ಟಿಸಿ, ಕಡಿಸಿ, ಮೂಳೆ ಬಂತು. ಅವಳು ಬಂದು ಎತ್ತಿಕೊಂಡು ಹೋದಳು. ಕೊನೆಗೆ ಮಾಡಿದ್ದು ಎಮ್ಮೆ ಮೂಳೆಯ ಒಂದು ಉಂಗುರ. ಕ್ಲಿಕ್ ಮಾಡಿ ಓದಿದರೆ ಅದರ ಮೇಲೊಂದು ಚಿತ್ರ ಕೆತ್ತಿದ್ದಾಳೆ: ನಮ್ಮ ಕೋಟೆಗೆ ಮೊದಲ ಕುಳ್ಳರು ಬಂದಿಳಿದ ಚಿತ್ರ.

ಇದನ್ನು ಯಾವ ಲೇಖಕರೂ ಬರೆದಿಟ್ಟಿರಲಿಲ್ಲ. ಎಮ್ಮೆ ಬಂದದ್ದು ಒಂದು ಲೆಕ್ಕ, ಮೂಳೆ ಕೇಳಿದ್ದು ಇನ್ನೊಂದು, ಚಿತ್ರ ಮತ್ತೊಂದು. ಮೂರೂ ಒಂದು ಕಡೆ ಕೂಡಿಬಂದವು. ಗೇಮ್ ಸುಲಭ ಮಾಡುತ್ತೇವೆ ಅಂತ ಮೂಳೆ, ಮರ, ಕಲ್ಲು ಎಲ್ಲವನ್ನೂ ಸೇರಿಸಿ 'ಕಚ್ಚಾವಸ್ತು' ಅಂತ ಒಂದೇ ಮಾಡಿಬಿಟ್ಟಿದ್ದರೆ ಈ ಉಂಗುರ ಹುಟ್ಟುತ್ತಲೇ ಇರಲಿಲ್ಲ.

ಇನ್ನೊಂದು ವಿಷಯ. ಇದನ್ನು ಆಡದೇ ಇರುವವರಿಗೂ ಇದರ ಕತೆಗಳು ಗೊತ್ತು. 2015ರ ಕೊನೆಗೆ ಗೇಮ್‌ಗೆ ಹೆಂಡದಂಗಡಿ ಬಂತು. ಸ್ವಲ್ಪ ದಿನಕ್ಕೆ ಕೋಟೆಗಳಲ್ಲಿ ಬೆಕ್ಕುಗಳು ವಾಂತಿ ಮಾಡಿಕೊಂಡು ಸಾಯತೊಡಗಿದವು. ಹುಡುಕಿ ನೋಡಿದರೆ, ಕುಡಿದ ಕುಳ್ಳರು ನೆಲಕ್ಕೆ ಹೆಂಡ ಚೆಲ್ಲುತ್ತಿದ್ದರು, ಬೆಕ್ಕು ಅದರ ಮೇಲೆ ನಡೆದಾಗ ಕಾಲಿಗೆ ಅಂಟಿಕೊಳ್ಳುತ್ತಿತ್ತು, ಬೆಕ್ಕು ಅಂದಮೇಲೆ ಕಾಲು ನೆಕ್ಕಿಕೊಳ್ಳುತ್ತದಲ್ಲ, ಒಂದೊಂದು ನೆಕ್ಕಿಗೂ ಪೂರ್ತಿ ಒಂದು ಲೋಟ ಕುಡಿದ ಹಾಗೆ ಲೆಕ್ಕ ಆಗುತ್ತಿತ್ತು. ಅಷ್ಟು ಚಿಕ್ಕ ಮೈಗೆ ಅಷ್ಟು ಹೆಂಡ! ಕೋಡಿನ ಈ ತಪ್ಪನ್ನು ಸರಿಮಾಡಿದರು, ಆದರೆ ಈ ಕತೆ ಗೇಮ್ ಹೆಸರೇ ಕೇಳದವರ ತನಕ ಹೋಯಿತು. 2022ರಲ್ಲಿ ಮೊದಲ ದಿನವೇ ದುಡ್ಡು ಕೊಟ್ಟ ಜನ ಎಲ್ಲಿಂದ ಬಂದರು ಅಂತ ಕೇಳಿದರೆ, ಇಂಥ ಕತೆ ಕೇಳಿ ಕೇಳಿ ಹೊರಗೆ ಕಾಯುತ್ತಿದ್ದವರೇ ಅದರಲ್ಲಿ ಜಾಸ್ತಿ ಇರಬೇಕು ಅಂತ ನನ್ನ ಊಹೆ.

ನನ್ನ ಅಕ್ಕನ ಮಗ ಪಿಯುಸಿ ಓದುತ್ತಾನೆ, ಮೊಬೈಲ್‌ನಲ್ಲಿ ಬಿಜಿಎಂಐ ಅನ್ನುವ ಗುಂಡು ಹಾರಿಸುವ ಗೇಮ್ ಬಿಟ್ಟರೆ ಬೇರೆ ಗೊತ್ತಿಲ್ಲ. ಒಂದು ಭಾನುವಾರ ಪಕ್ಕದಲ್ಲಿ ಕೂತು ಸ್ವಲ್ಪ ಹೊತ್ತು ನೋಡಿ ಕೇಳಿದ, "ಮಾಮ, ಇದರಲ್ಲಿ ನೀನು ಯಾರು?" ಯಾರೂ ಅಲ್ಲ ಕಣೋ ಅಂದೆ. ಅವನಿಗೆ ಅದು ಹಿಡಿಸಲಿಲ್ಲ. ಮೆನು ನೋಡಿ ಇನ್ನೂ ಹಿಡಿಸಲಿಲ್ಲ, "ಇಷ್ಟೆಲ್ಲ ಯಾರು ನೆನಪಿಟ್ಕೋತಾರೆ" ಅಂದ. ಹೇಳುತ್ತಿರುವವನು ಯಾರು? ಯಾವ ಗನ್ ಎಷ್ಟು ಮೇಲಕ್ಕೆ ಒದೆಯುತ್ತೆ, ಯಾವ ಸ್ಕೋಪ್ ಹಾಕಿದರೆ ಸೆನ್ಸಿಟಿವಿಟಿ ಎಷ್ಟಿಡಬೇಕು, ಸೇಫ್ ಝೋನ್ ಯಾವಾಗ ಕುಗ್ಗುತ್ತೆ, ಎಲ್ಲ ಬಾಯಿಪಾಠ ಇರುವವನು! ಆ ಗೇಮ್‌ನಲ್ಲೂ ಕಲಿಯುವುದು ಕಡಿಮೆ ಏನಿಲ್ಲ. ಆದರೆ ಅವನು ಅದನ್ನು ನಾಲ್ಕು ಜನ ಫ್ರೆಂಡ್ಸ್ ಜೊತೆ ಸೇರಿ, ಬೈಸಿಕೊಳ್ಳುತ್ತಾ ಕಲಿತ. ಇಲ್ಲಿ ಒಬ್ಬನೇ ಕೂತು ಓದಬೇಕು. ಅದೂ ಎಲ್ಲ ಇಂಗ್ಲಿಷ್‌ನಲ್ಲಿ, ಪುಟಗಟ್ಟಲೆ. ನಮ್ಮ ಕಡೆಯ ಎಷ್ಟೋ ಜನರಿಗೆ ಗೇಮ್‌ನ ನಿಯಮಕ್ಕಿಂತ ಈ ಓದೇ ದೊಡ್ಡ ಅಡ್ಡಿ. ಅವನೇನೂ ಗೇಮ್ ತಗೊಳ್ಳಲಿಲ್ಲ. ಆದರೆ ಮನೆಗೆ ಬಂದಾಗೆಲ್ಲ "ಆ ಉಂಗುರದವಳು ಇದಾಳಾ?" ಅಂತ ಕೇಳುತ್ತಾನೆ.

ಕಷ್ಟದ ಗೇಮ್ ಅಂದ ಕೂಡಲೇ ಎಲ್ಲರೂ ಎಲ್ಡನ್ ರಿಂಗ್ ಹೆಸರು ಹೇಳುತ್ತಾರೆ. 2022ರ ಫೆಬ್ರವರಿಯಲ್ಲಿ ಬಂದು ಒಂದೇ ವರ್ಷದಲ್ಲಿ 2 ಕೋಟಿ ಪ್ರತಿ ಮಾರಾಟವಾಯಿತು, ಕಷ್ಟ ಇದ್ದರೂ ಜನ ಬರುತ್ತಾರೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ ಅಂತ. ಸಾಕ್ಷಿ ಹೌದು, ಆದರೆ ಆ ಕಷ್ಟವೇ ಬೇರೆ. ಅಲ್ಲಿ ಏನು ಮಾಡಬೇಕು ಅಂತ ಮೊದಲ ನಿಮಿಷಕ್ಕೇ ಗೊತ್ತಾಗುತ್ತದೆ: ಎದುರಿಗೆ ದೊಡ್ಡ ರಾಕ್ಷಸ, ಹೊಡೀಬೇಕು, ಏಟು ತಪ್ಪಿಸಿಕೊಳ್ಳಬೇಕು. ಕೈ ಪಳಗಬೇಕು ಅಷ್ಟೇ. ಇಲ್ಲಿ ಕೈಗೆ ಕೆಲಸವೇ ಇಲ್ಲ. ಯಾವಾಗ ಬೇಕಾದರೂ ಗೇಮ್ ನಿಲ್ಲಿಸಿಟ್ಟು ಕಾಫಿ ಕುಡಿದು ಬರಬಹುದು. ಬೆರಳು ಚುರುಕಿಲ್ಲದವರು, ವಯಸ್ಸಾದವರು, ನನ್ನಂಥ ನಿಧಾನದವರು ಆರಾಮಾಗಿ ಆಡಬಹುದು, ತಲೆಗೆ ಮಾತ್ರ ಕೆಲಸ. ಆ ಲೆಕ್ಕದಲ್ಲಿ ಎರಡರಲ್ಲಿ ಹೆಚ್ಚು ಜನ ಆಡಬಹುದಾದ ಗೇಮ್ ಇದೇ ಅಂತ ನಾನು ವಾದ ಮಾಡುತ್ತೇನೆ. ನಗುವವರು ನಗಲಿ.

ಈಗ ಬೈಗುಳ. ಟ್ಯುಟೋರಿಯಲ್ ಇದೆ, ಚೆನ್ನಾಗಿಯೇ ಶುರುವಾಗುತ್ತದೆ, ಅಗೆಯುವುದು, ಸಾಮಾನು ಇಡಲು ಜಾಗ ಮಾಡುವುದು, ಕೆಲಸದ ಕಟ್ಟೆ ಕಟ್ಟುವುದು ಹೇಳಿಕೊಡುತ್ತದೆ, ನಿಮಗೆ ಸ್ವಲ್ಪ ಧೈರ್ಯ ಬರುವ ಹೊತ್ತಿಗೆ ಸರಿ ಇನ್ನು ನೀವುಂಟು ನಿಮ್ಮ ಕೋಟೆಯುಂಟು ಅಂತ ಎದ್ದು ಹೋಗುತ್ತದೆ. ಆಮೇಲೆ ಬರುವ ಸೈನ್ಯದ ಪರದೆಯನ್ನಂತೂ ಯಾರು ಯಾಕೆ ಹೀಗೆ ಮಾಡಿದರೋ. ದಳ ಮಾಡಬೇಕು, ನಾಯಕನನ್ನು ನೇಮಿಸಬೇಕು, ಸಮವಸ್ತ್ರ ಆರಿಸಬೇಕು, ತಾಲೀಮಿನ ಕೋಣೆ ಗುರುತು ಮಾಡಬೇಕು, ಯಾವ ತಿಂಗಳು ಯಾರಿಗೆ ತಾಲೀಮು ಅಂತ ಪಟ್ಟಿ ಹಾಕಬೇಕು. ಇಷ್ಟರಲ್ಲಿ ಒಂದು ಬಿಟ್ಟುಹೋದರೂ ಶತ್ರುಗಳಾದ ಗಾಬ್ಲಿನ್‌ಗಳು ಬಾಗಿಲಿಗೆ ಬಂದಾಗ ನಿಮ್ಮ ಸೈನಿಕ ಕಾಲಿಗೆ ಬೂಟಿಲ್ಲದೆ ನಿಂತಿರುತ್ತಾನೆ. ಯಾಕೆ ಬೂಟ್ ಹಾಕಿಕೊಂಡಿಲ್ಲ ಅಂತ ಗೇಮ್ ಸರಿಯಾಗಿ ಹೇಳುವುದಿಲ್ಲ. ಬ್ರೌಸರ್‌ನಲ್ಲಿ ವಿಕಿ, ಅಂದರೆ ಆಟಗಾರರೇ ಬರೆದಿಟ್ಟ ಕೈಪಿಡಿ, ತೆರೆದಿಟ್ಟುಕೊಂಡೇ ಆಡಬೇಕು.

2020ರಲ್ಲಿ ಬಂದ ಕ್ರುಸೇಡರ್ ಕಿಂಗ್ಸ್ 3 ಅನ್ನುವ ಗೇಮ್ ಇದೇ ರೋಗಕ್ಕೆ ಒಳ್ಳೆ ಮದ್ದು ಕಂಡುಹಿಡಿದಿತ್ತು. ಅರ್ಥವಾಗದ ಪದದ ಮೇಲೆ ಮೌಸ್ ಇಟ್ಟರೆ ಒಂದು ಪೆಟ್ಟಿಗೆ ತೆರೆಯುತ್ತದೆ, ಆ ವಿವರಣೆಯಲ್ಲಿ ಅರ್ಥವಾಗದ ಪದ ಬಂದರೆ ಅದರ ಮೇಲೆ ಇಟ್ಟರೆ ಇನ್ನೊಂದು. ಆಟ ನಿಲ್ಲಿಸದೇ ಕಲಿಯಬಹುದು. ಅಂಥದ್ದು ಇಲ್ಲಿ ಬಂದಿದ್ದರೆ ಎಷ್ಟೋ ಜನ ಮೊದಲ ವಾರ ಬಿಟ್ಟುಹೋಗುತ್ತಿರಲಿಲ್ಲ. ಇದನ್ನು ಕ್ಷಮಿಸೋಕೆ ನನಗೆ ಮನಸ್ಸಿಲ್ಲ.

ಇನ್ನೊಂದು, ಸ್ಪೀಡು. ಚಿತ್ರ ನೋಡಿದರೆ ಯಾವ ಹಳೇ ಲ್ಯಾಪ್‌ಟಾಪ್‌ನಲ್ಲಾದರೂ ಓಡುತ್ತೆ ಅನ್ನಿಸುತ್ತದೆ. ಶುರುವಿನಲ್ಲಿ ಓಡುತ್ತದೆ ಕೂಡ. ಕೋಟೆ ದೊಡ್ಡದಾಗಿ ಜನ ಜಾಸ್ತಿಯಾದ ಹಾಗೆ, ಪ್ರತಿಯೊಬ್ಬರೂ ಎಲ್ಲಿಂದ ಎಲ್ಲಿಗೆ ಹೇಗೆ ಹೋಗಬೇಕು ಅನ್ನುವ ಲೆಕ್ಕ ಹಾಕಿ ಹಾಕಿ ಪ್ರೊಸೆಸರ್ ಸುಸ್ತಾಗುತ್ತದೆ. ಒಳ್ಳೆ ಗ್ರಾಫಿಕ್ಸ್ ಕಾರ್ಡ್ ಹಾಕಿಸಿ ಪ್ರಯೋಜನ ಇಲ್ಲ. ಜನಸಂಖ್ಯೆಯ ಮಿತಿಯನ್ನು ಸೆಟ್ಟಿಂಗ್ಸ್‌ನಲ್ಲಿ ಇಳಿಸಿ, ಚಿಕ್ಕ ಲೋಕ ಹುಟ್ಟಿಸಿಕೊಂಡು ಆಡುವುದು ಒಳ್ಳೆಯದು. ಹಳೇ ಆಟಗಾರರ ದೂರು ಬೇರೆ ಇತ್ತು: ಇಷ್ಟು ವರ್ಷ ಬೆರಳಿಗೆ ಕೂತಿದ್ದ ಕೀಗಳೆಲ್ಲ ಹೋಗಿ ಎಲ್ಲಕ್ಕೂ ಮೌಸ್ ಹಿಡೀಬೇಕಾಯಿತು ಅಂತ. ನ್ಯಾಯವಾದ ದೂರೇ, ಆದರೆ ಆ ಕೀಗಳ ಕಾರಣಕ್ಕೇ ಉಳಿದವರೆಲ್ಲ ಹೊರಗೆ ನಿಂತಿದ್ದರು ಅಲ್ವಾ?

ಇದು ಭಾರ ಅನ್ನಿಸಿದರೆ ರಿಮ್‌ವರ್ಲ್ಡ್ ಅನ್ನುವ ಗೇಮ್ ಇದೆ. ಇದರಿಂದಲೇ ಸ್ಫೂರ್ತಿ ಪಡೆದದ್ದು, ಮೇಲೆ ಕೆಳಗೆ ಪದರಗಳ ಗೋಳಿಲ್ಲ, ಒಂದು ಸಂಜೆಯಲ್ಲಿ ಹಿಡಿತಕ್ಕೆ ಬರುತ್ತದೆ. ಮೈನ್‌ಕ್ರಾಫ್ಟ್ ಮಾಡಿದವರೂ ಡ್ವಾರ್ಫ್ ಫೋರ್ಟ್ರೆಸ್‌ನಿಂದ ಸ್ಫೂರ್ತಿ ಪಡೆದೆ ಅಂತ ಹೇಳಿದ್ದುಂಟು, ಅದು 30 ಕೋಟಿ ಪ್ರತಿ ದಾಟಿದೆ. ಅಂದರೆ ನಿಮ್ಮ ಮನೆ ಮಕ್ಕಳು ಇದರ ಮೊಮ್ಮಗನನ್ನು ಆಗಲೇ ಆಡುತ್ತಿದ್ದಾರೆ. ರಿಮ್‌ವರ್ಲ್ಡ್ ನನಗೂ ಇಷ್ಟವೇ, ಆದರೆ ಅಲ್ಲಿ ಯಾರೂ ಬಂಡಿಯ ಎಮ್ಮೆ ಮೂಳೆಯಲ್ಲಿ ಊರಿನ ಚರಿತ್ರೆ ಕೆತ್ತುವುದಿಲ್ಲ.

ಯಾರು ತಗೊಳ್ಳಬಹುದು? ಗೆಲ್ಲಬೇಕು, ಲೆವೆಲ್ ಏರಬೇಕು ಅನ್ನುವವರು ಬೇಡ. ಇರುವೆ ಸಾಲು ನೋಡುತ್ತಾ ಹೊತ್ತು ಕಳೆಯುವ ಬುದ್ಧಿ ಇದ್ದವರು ಖಂಡಿತ ತಗೊಳ್ಳಿ. ಅಮೆರಿಕದಲ್ಲಿ ಬೆಲೆ 29.99 ಡಾಲರ್, ಇಲ್ಲಿಯ ಬೆಲೆ ಸ್ಟೀಮ್ ಪುಟದಲ್ಲಿ ನೋಡಿಕೊಳ್ಳಿ, ಸೇಲ್‌ಗೆ ಕಾದರೂ ನಷ್ಟ ಇಲ್ಲ. ಒಂದು ಎಚ್ಚರಿಕೆ: ಸ್ಟೀಮ್ ದುಡ್ಡು ವಾಪಸ್ ಕೊಡುವುದು ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಮಾತ್ರ, ತಗೊಂಡು 14 ದಿನದೊಳಗೆ. ಬೇರೆ ಗೇಮ್‌ಗೆ ಎರಡು ಗಂಟೆ ಸಾಕು. ಇದರಲ್ಲಿ ಎರಡು ಗಂಟೆಗೆ ನೀವು ಇನ್ನೂ ಮಂಚ ಹಾಕಿಸುತ್ತಿರುತ್ತೀರಿ, ಇಷ್ಟ ಆಯ್ತಾ ಇಲ್ವಾ ಅಂತ ಹೇಳೋಕೆ ಆಗಲ್ಲ. ಅದಕ್ಕೇ ಮೊದಲು ಆಡಮ್ಸ್ ಅಣ್ಣತಮ್ಮರ ಬೇ 12 ಗೇಮ್ಸ್ ಸೈಟಿಗೆ ಹೋಗಿ ಕ್ಲಾಸಿಕ್ ಆವೃತ್ತಿ ಇಳಿಸಿಕೊಳ್ಳಿ. ಇವತ್ತಿಗೂ ಫ್ರೀ. ಹೊಸ ಮೆನು, ಮೌಸ್ ಅದರಲ್ಲೂ ಬಂದಿವೆ, ಚಿತ್ರದ ಜಾಗದಲ್ಲಿ ಅಕ್ಷರ ಇರುತ್ತವೆ ಅಷ್ಟೇ. ಅಕ್ಷರ ನೋಡಿಯೂ ಒಬ್ಬ ಕುಳ್ಳನ ಮೇಲೆ ನಿಮಗೆ ಪ್ರೀತಿ ಹುಟ್ಟಿತೋ, ಆಗ ಸ್ಟೀಮ್‌ಗೆ ಹೋಗಿ ದುಡ್ಡು ಕೊಡಿ.